ಕೈಗೆ ಸಿಕ್ಕವನು

ಚಿಕ್ಕೋಡಿ ಜೈಲು
೨ ಡಿಸೆಂಬರ್ ೨೦೧೭

ತಂಗಿ ಸಾರಿಕಾಗೆ,

ಮೊದಲು ಅವ್ವನಿಗೆ ಹೇಳು, ನಾನು ಆರಾಮ ಇದ್ದೇನೆ. ಹೊಟ್ಟೆಗೆ ಹಾಕುತ್ತಾರೆ, ಮಲಗಲು ಚಾಪೆ ಕೊಟ್ಟಿದ್ದಾರೆ. ಫೋನು ಮಾತ್ರ ಇಲ್ಲ, ಅದಕ್ಕೇ ಈ ಕಾಗದ. ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಇಲ್ಲಿ ನಾವು ಬರೆದದ್ದನ್ನೂ ನೀವು ಬರೆದದ್ದನ್ನೂ ಗುಮಾಸ್ತರು ಓದಿಯೇ ಮುಂದೆ ಕಳಿಸುತ್ತಾರೆ. ಓದಲಿ. ನನಗೆ ಮುಚ್ಚಿಡುವಂಥದ್ದು ಏನೂ ಇಲ್ಲ.

ಐಗಳಿಯಲ್ಲಿ ಮಂದಿ ಏನೇನೋ ಆಡಿಕೊಳ್ಳುತ್ತಿರಬೇಕು. ನೀನು ನನ್ನಿಂದಲೇ ಕೇಳು. ಬ್ಲೌಸಿಗೆ ಹಚ್ಚುವ ಲೇಸು, ಕುಚ್ಚು ಅಂತ ನೀನು ಆನ್‌ಲೈನಿನಲ್ಲಿ ತರಿಸಲು ಶುರು ಮಾಡಿದ ಮೇಲೆಯೇ ಆ ಹೊಲಸು ಫೋನುಗಳು ಬರತೊಡಗಿದ್ದು. ಒಬ್ಬ ಇಟ್ಟರೆ ಇನ್ನೊಬ್ಬ. "ಬರ್ತೀಯೇನ, ಎಷ್ಟ ತಗೋತಿ" ಎನ್ನುವ ಮಾತನ್ನು ನಾನೇ ಒಮ್ಮೆ ಕಿವಿಯಾರೆ ಕೇಳಿದೆ. ನೀನು ಫೋನನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಟ್ಟು ಹೊಲಿಗೆ ಮಷಿನ್ನಿನ ಮೇಲೆ ತಲೆಯಿಟ್ಟು ಕೂತಿದ್ದೆ. ಅದನ್ನು ನೋಡಿಕೊಂಡು ಅಣ್ಣನಾದವನು ಸುಮ್ಮನಿರಬೇಕೇ?

ಸಂಭಾಜಿಯ ಮೊಬೈಲ್ ಅಂಗಡಿಗೆ ಹೋಗಿ ಕೇಳಿದೆ. ನಿನ್ನ ಆರ್ಡರುಗಳನ್ನೆಲ್ಲ ಹಾಕಿಕೊಡುತ್ತಿದ್ದವನು ಅವನೇ, ಅವನಿಗೆ ಈ ವ್ಯವಹಾರ ಗೊತ್ತು. ಅವನು ಹೇಳಿದ: "ಪಾರ್ಸಲ್ ಮ್ಯಾಲೆ ಹೆಸರು, ನಂಬರ, ಮನಿ ಎಲ್ಲಾ ಅಚ್ಚ ಹೊಡದಿರ್ತಾರ. ಅದನ್ನ ದಿನಾ ಓದಾಂವ ಯಾರು? ತರಾಂವ. ಇನ್ನ ನೀನ ತಿಳ್ಕೋ."

ತರುವವನು ನಮ್ಮ ಪಕ್ಕದ ಅನಂತಪುರದ ಮಾಳಸಿದ್ದ. ನಾನು ಕಾರ್ಖಾನೆಗೆ ಕಬ್ಬು ಇಳಿಸಿ ಖಾಲಿ ಟ್ರ್ಯಾಕ್ಟರಿನಲ್ಲಿ ಬರುತ್ತಿದ್ದೆ. ಅವನು ಎದುರಿಗೇ ಸಿಕ್ಕ, ಬೈಕಿನ ಹಿಂದೆ ಪಾರ್ಸಲಿನ ದೊಡ್ಡ ಚೀಲ. ಜಾಕಿನ ರಾಡು ತೆಗೆದುಕೊಂಡು ಇಳಿದೆ. ಮೊದಲ ಏಟಿಗೆ ಬೈಕು ಬಿತ್ತು, ಮುಂದಿನದಕ್ಕೆ ಅವನು. ಮೊಣಕಾಲಿನ ಮೇಲೆ ಹೊಡೆದಾಗ ಹಸಿ ಕಬ್ಬು ಮುರಿದಂಥ ಸಪ್ಪಳವಾಯಿತು. ಆಮೇಲೂ ಹೊಡೆದೆ. ನನ್ನ ಅಂಗಿಯೆಲ್ಲ ರಕ್ತವಾದ ಮೇಲೆ ಕಬ್ಬು ಕಡಿಯುವ ಮಂದಿ ಓಡಿಬಂದು ಎಳೆದರು.

ನನಗೆ ಪಶ್ಚಾತ್ತಾಪವಿಲ್ಲ. ಇನ್ನು ನಿನಗೆ ಒಬ್ಬನೂ ಫೋನು ಮಾಡುವುದಿಲ್ಲ. ಏನಾದರೂ ಬೇಕಾದರೆ ಸಂಭಾಜಿಗೆ ಹೇಳು. ಅವನೊಬ್ಬನಿದ್ದಾನೆ ಎಂದೇ ನಾನು ಇಲ್ಲಿ ನಿದ್ದೆ ಮಾಡುತ್ತೇನೆ.

ನಿನ್ನ ದಾದಾ,
ಸಂಗ್ರಾಮ


ಐಗಳಿ
೧೯ ಡಿಸೆಂಬರ್ ೨೦೧೭

ದಾದಾಗೆ ಸಾರಿಕಾಳ ನಮಸ್ಕಾರ.

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಹೊಡೆದ ಭಾಗವನ್ನು ಬಿಟ್ಟು ಓದಿದೆ. ಅವ್ವನ ಮೊಣಕಾಲು ಚಳಿಗೆ ಮತ್ತೆ ಹಿಡಿದುಕೊಂಡಿದೆ, ಗೋಡೆ ಹಿಡಿದು ಓಡಾಡುತ್ತಾಳೆ.

ಫೋನುಗಳು ನಿಂತಿವೆ. ನೀನು ನಿಶ್ಚಿಂತನಾಗಿರು. ಈಗ ಫೋನನ್ನು ಚಾಲೂ ಇಡುವ ಗೊಡವೆಗೇ ಹೋಗುವುದಿಲ್ಲ. ಹೊಲಿಗೆಗೆ ಬಟ್ಟೆ ಕೊಡುವವರು ಮನೆಗೇ ಬರುತ್ತಾರೆ, ಮೊದಲಿನಷ್ಟು ಮಂದಿ ಬರುವುದಿಲ್ಲ, ಇರಲಿ.

ಮಾಳಸಿದ್ದನನ್ನು ಮಿರಜಿನ ಆಸ್ಪತ್ರೆಗೆ ಒಯ್ದಿದ್ದರು. ಕಾಲು ಉಳಿಯಲಿಲ್ಲ. ಮೊಣಕಾಲಿನ ಮೇಲಕ್ಕೆ ಕತ್ತರಿಸಿ ತೆಗೆದರಂತೆ. ಅವನ ತಾಯಿ ಕಸ್ತೂರೆವ್ವ ಆಸ್ಪತ್ರೆಯ ಬಾಗಿಲಲ್ಲಿ ಎದೆ ಬಡಿದುಕೊಂಡಳೆಂದು ಹೋಗಿ ಬಂದವರು ಹೇಳಿದರು.

ದಾದಾ, ಒಂದು ಕೇಳುತ್ತೇನೆ, ಸಿಟ್ಟು ಮಾಡಬೇಡ. ನೀನು ಹೊಡೆಯುವಾಗ ಅವನು ಏನೆಂದ? ಒಪ್ಪಿಕೊಂಡನೇ?

ಸಾರಿಕಾ


ಚಿಕ್ಕೋಡಿ ಜೈಲು
೬ ಜನವರಿ ೨೦೧೮

ಸಾರಿಕಾ,

ಕಾಲು ಹೋಯಿತೆಂದು ಓದಿ ಒಂದು ಹೊತ್ತು ಊಟ ಸೇರಲಿಲ್ಲ. ಆಮೇಲೆ ಹಿಟ್ಟಿನ ಡಬ್ಬಿ ನೆನಪಾಯಿತು, ಉಂಡೆ. ಫೋನು ನಿಂತವಲ್ಲ, ಅಷ್ಟು ಸಾಕು ನನಗೆ. ಹೊಡೆದದ್ದು ಸರಿಯಾದವನಿಗೇ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಏನೆಂದ ಎಂದು ಕೇಳಿದೆ. "ಯಾವ ನಂಬರೋ ಯಣ್ಣಾ, ನನಗ ಗೊತ್ತಿಲ್ಲೋ" ಎಂದ. ಹೊಡೆತ ತಿನ್ನುವವನು ಇನ್ನೇನು ಅನ್ನುತ್ತಾನೆ? ಇಲ್ಲಿರುವ ಪ್ರತಿಯೊಬ್ಬನೂ ತಾನು ಮಾಡಿಲ್ಲ ಅಂತಲೇ ಹೇಳುತ್ತಾನೆ. ಮೊನ್ನೆ ರಾಯಬಾಗದವನೊಬ್ಬ "ತಂಗೀ ಸಲುವಾಗಿ ಬಂದಾನ ನೋಡ್ರಲೇ ಹೀರೋ" ಎಂದು ನಗಾಡಿದ. ಅವನ ಮುಖವನ್ನು ನೀರಿನ ನಳಕ್ಕೆ ಬಡಿದೆ. ಈಗ ನನ್ನ ಎದುರಿಗೆ ಯಾರೂ ನಗುವುದಿಲ್ಲ.

ಸಂಭಾಜಿ ಭೇಟಿಗೆ ಬಂದಿದ್ದ. ಜಾಳಿಗೆಯ ಆಚೆ ನಿಂತು ಅತ್ತುಬಿಟ್ಟ. ನೀನು ಅಂಗಡಿಯ ಕಡೆಗೇ ಬರುತ್ತಿಲ್ಲವಂತೆ, ಯಾಕೆ? ಹೊಸ ಸಿಮ್ ಕೊಡುತ್ತಾನೆ, ತೆಗೆದುಕೋ. ಅವ್ವನ ಮೊಣಕಾಲಿಗೆ ಕಟ್ಟುವ ಬೆಲ್ಟು ಆನ್‌ಲೈನಿನಲ್ಲಿ ಚಲೋದು ಸಿಗುತ್ತದಂತೆ, ಅವನ ಕಡೆಯಿಂದ ತರಿಸು. ಇನ್ನೊಂದು ಮಾತು. ಹೋಗುವಾಗ ಕೇಳಿದ: "ಊರಾಗ ಆಕೀ ಹೆಸರ ಕೆಟ್ಟೈತಿ, ಯಾರೂ ಕೇಳಾಕ ಬರಾಂಗಿಲ್ಲ. ನೀ ಹ್ಞೂಂ ಅಂದ್ರ ನಾ ಮಾಡ್ಕೋತೇನಿ." ಇಂಥ ಹೊತ್ತಿನಲ್ಲಿ ಇಂಥ ಮಾತು ಯಾರು ಆಡುತ್ತಾರೆ, ಹೇಳು. ನಾನು ಹ್ಞೂಂ ಎಂದಿದ್ದೇನೆ. ಹೊರಗೆ ಬಂದ ಕೂಡಲೇ ಮುಗಿಸಿಬಿಡೋಣ.

ಸಂಗ್ರಾಮ


ಐಗಳಿ
೨೪ ಜನವರಿ ೨೦೧೮

ದಾದಾ,

ಹೊಸ ಸಿಮ್ ತಂದೆ. ಬೆಲ್ಟಿಗೆ ಆರ್ಡರ್ ಹಾಕಿಸಿದ್ದೆ, ಆ ಅಳತೆಯದು ಇಲ್ಲವೆಂದು ಸಂಭಾಜಿ ಆಗಲೇ ರದ್ದು ಮಾಡಿದ. ಪಾರ್ಸಲ್ ಬರಲಿಲ್ಲ. ಅವ್ವನಿಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೇನೆ.

ಮದುವೆಯ ಮಾತು ಈಗ ಬೇಡ. ಯಾರಿಗೂ ಮಾತು ಕೊಡಬೇಡ. ಜಾಮೀನಿಗೆ ವಕೀಲರ ಬೆನ್ನು ಹತ್ತಬೇಡ, ಅವರು ಮಾಡಿದಾಗ ಮಾಡಲಿ. ಭೇಟಿಗೆ ಬರಲು ಆಗುತ್ತಿಲ್ಲ, ಮನೆಯನ್ನು ಬಿಟ್ಟು ಬರುವಂತಿಲ್ಲ.

ಸಾರಿಕಾ


ಚಿಕ್ಕೋಡಿ ಜೈಲು
೨೦ ಫೆಬ್ರುವರಿ ೨೦೧೮

ಸಾರಿಕಾ,

ಅಣ್ಣ ಹೊರಗೆ ಬರುವುದು ನಿನಗೆ ಬೇಡವಾಗಿದೆಯೇ? ನನ್ನಿಂದ ನಿನಗೆ ನಾಚಿಕೆಯೇ? ನಾನು ಯಾರಿಗಾಗಿ ಇಲ್ಲಿ ಬಿದ್ದಿದ್ದೇನೆ?

ಅಥಣಿಯ ಕಡೆಯವನೊಬ್ಬ ಹೊಸದಾಗಿ ಇಲ್ಲಿಗೆ ಬಂದಿದ್ದಾನೆ. ಐಗಳಿಯಲ್ಲಿ ನಮ್ಮ ಮನೆಯ ಕಿಡಕಿಗೆ ಕಲ್ಲು ಬಿದ್ದಿವೆ, ಗುರುತಿಲ್ಲದ ಗಂಡಸರು ಬೈಕಿನಲ್ಲಿ ಬಾಗಿಲಿಗೆ ಬಂದು ಹೋಗುತ್ತಾರೆ ಎಂದ. ನೀನು ಇದರಲ್ಲಿ ಒಂದಕ್ಷರ ಬರೆದಿಲ್ಲ. ಯಾರು ಅವರು? ಮಾಳಸಿದ್ದನ ಮಂದಿಯೇ ಇರಬೇಕು, ಕಾಲಿನ ಸೇಡು. ಜಾಮೀನು ಮಾರ್ಚಿನಲ್ಲಿ ಆಗುತ್ತದೆ ಎಂದಿದ್ದಾರೆ ವಕೀಲರು. ಬಂದ ದಿನವೇ ಅನಂತಪುರಕ್ಕೆ ಹೋಗುತ್ತೇನೆ. ಅವನ ಇನ್ನೊಂದು ಕಾಲನ್ನೂ ತೆಗೆಯುತ್ತೇನೆ, ಅಡ್ಡ ಬಂದರೆ ಆ ಮುದುಕಿಯನ್ನೂ ಬಿಡುವುದಿಲ್ಲ. ಗುಮಾಸ್ತರು ಓದುತ್ತಾರೆಂದು ನನಗೆ ಗೊತ್ತು. ಓದಲಿ.

ಹೆಸರು ಬರೆದು ಕಳಿಸು.

ಸಂಗ್ರಾಮ


ಅಥಣಿ ಆಸ್ಪತ್ರೆ
೧ ಮಾರ್ಚ್ ೨೦೧೮

ದಾದಾ,

ಹೆಸರು ಕೇಳಿದೆ. ಬರೆಯುತ್ತೇನೆ. ಕೂತುಕೊಂಡು ಓದು.

ಫೋನುಗಳು ಎಂದೂ ನಿಂತಿರಲಿಲ್ಲ. ಮಾಳಸಿದ್ದ ಮಿರಜಿನಲ್ಲಿ ಎಚ್ಚರ ತಪ್ಪಿ ಮಲಗಿದ್ದಾಗಲೂ ಬರುತ್ತಿದ್ದವು. ನಿಂತಿವೆ ಎಂದು ನಾನು ಸುಳ್ಳು ಬರೆದೆ. ಅವನ ಕಾಲು ವಿನಾಕಾರಣ ಹೋಯಿತು ಎಂದು ನಿನಗೆ ಹೇಗೆ ಹೇಳುವುದು? ಹೇಳಿದ್ದರೆ ನೀನು ಇನ್ನೊಬ್ಬನನ್ನು ಹುಡುಕುತ್ತಿದ್ದೆ.

ನೀನು ಹೇಳಿದೆಯೆಂದು ಸಂಭಾಜಿಯ ಹತ್ತಿರ ಹೊಸ ಸಿಮ್ ತೆಗೆದುಕೊಂಡೆ. ಬೆಲ್ಟಿನ ಆರ್ಡರಿಗೆ ಆ ನಂಬರು ಬರೆಸಿದೆ. ಅದನ್ನು ಅವ್ವನಿಗೂ ಹೇಳಿರಲಿಲ್ಲ. ಆರ್ಡರ್ ರದ್ದಾಯಿತು, ಪಾರ್ಸಲ್ಲು ಹೊರಡಲೇ ಇಲ್ಲ, ಯಾವ ಲೇಬಲ್ಲಿನ ಮೇಲೂ ಅದು ಅಚ್ಚಾಗಲಿಲ್ಲ. ಆದರೂ ಮರುದಿನವೇ ಒಬ್ಬ ಫೋನು ಮಾಡಿ ನನ್ನ ಹೆಸರು ಹಿಡಿದು ಕರೆದ. ಅವತ್ತೇ ನನಗೆ ತಿಳಿಯಿತು. ಅವನಿಗೇ ನನ್ನನ್ನು ಕೊಡುತ್ತೇನೆಂದು ನೀನು ಬರೆದ ಕಾಗದ ಆಗಲೇ ನನ್ನ ಕೈಯಲ್ಲಿತ್ತು. ಏನು ಬರೆಯಲಿ ಎಂದು ತಿಳಿಯದೆ ನಾಲ್ಕು ಸಾಲು ಗೀಚಿ ಹಾಕಿದೆ.

ಆಮೇಲೆ ಮನೆಗೇ ಬರತೊಡಗಿದರು. ಬಾಗಿಲು ತೆಗೆಯದಿದ್ದರೆ ಕಲ್ಲು ಒಗೆಯುತ್ತಿದ್ದರು. ಹೋದ ವಾರ ಮಧ್ಯಾಹ್ನ ಇಬ್ಬರು ಬಂದರು. ಅವ್ವ ಬಾಗಿಲಲ್ಲಿ ಕಾಳು ಹಸನು ಮಾಡುತ್ತಿದ್ದಳು. ಒಬ್ಬ ಫೋನಿನಲ್ಲಿ ನನ್ನ ಫೋಟೋ ತೋರಿಸಿ "ಈಕೀ ಮನಿ ಹೌದಲ್ಲಾ?" ಎಂದ. ಅವ್ವ ಎದ್ದು ಅಡ್ಡ ನಿಂತಳು. ಅವಳನ್ನು ದಬ್ಬಿದ. ಕಟ್ಟೆಯ ಮೇಲಿಂದ ಬಿದ್ದು ಅವಳ ಸೊಂಟದ ಚಪ್ಪೆಯ ಎಲುಬು ಮುರಿಯಿತು. ಇನ್ನೊಬ್ಬ ಒಳಗೆ ಬಂದು ನನ್ನ ಹೆರಳು ಹಿಡಿದು ಎಳೆದ. ಒಲೆಯ ಹಿಂದೆ ಕುಡಗೋಲು ಇತ್ತು. ಅವನ ಎರಡು ಬೆರಳು ನೆಲಕ್ಕೆ ಬಿದ್ದವು, ದಾದಾ. ನಾನು ಅವನ್ನು ನೋಡಿದೆ. ಅವನು ಕೈ ಎದೆಗೆ ಒತ್ತಿಕೊಂಡು ಒದರಿದ: "ನಮ್ದೇನ ತಪ್ಪ ಐತಿ? ಅಂಗಡಿ ಸಂಭಾಜಿ ರೊಕ್ಕಾ ತಗೊಂಡ ನಂಬರ ಕೊಟ್ಟಾನ. ಆಕೀನ ಕರೀತಾಳ ಅಂದಾನ!"

ಈಗ ಹೆಸರು ಸಿಕ್ಕಿತಲ್ಲ.

ಲೇಸಿನ ಮೊದಲ ಆರ್ಡರಿಗೇ ಅವನು "ಕಂಪನ್ಯಾವ್ರು ಫೋಟೋ, ಆಧಾರ ಕೇಳ್ತಾರ್ರಿ" ಎಂದಿದ್ದ. ಕೊಟ್ಟಿದ್ದೆ. ಲೇಸು ಮಾರುವವರಿಗೆ ನನ್ನ ಮುಖ ಯಾತಕ್ಕೆ ಬೇಕು ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಊರಲ್ಲಿ ಆರ್ಡರ್ ಹಾಕಿಸಿದ ಎಲ್ಲ ಹೆಣ್ಣುಮಕ್ಕಳೂ ಕೊಟ್ಟಿದ್ದಾರೆ.

ಅವ್ವನನ್ನು ನೆರೆಯವರಿಗೆ ಒಪ್ಪಿಸಿ ಅಂಗಡಿಗೆ ಹೋದೆ. ಕುಡಗೋಲು ಕೈಯಲ್ಲೇ ಇತ್ತು. ಮಂದಿ ಹಿಂದೆ ಬಂದರು. ಸಂಭಾಜಿ ಕೌಂಟರಿನ ಹಿಂದೆ ಕೂತು ನಕ್ಕ. "ನಿಮ್ಮಣ್ಣನ್ನ ಕೇಳು. ನಮ್ಮಿಬ್ಬರ ಮಾತ ಆಗೇತಿ" ಎಂದ. ಕುಡಗೋಲನ್ನು ತಿರುಗಿಸಿ ಹಿಡಿಕೆಯಿಂದ ಅವನ ಬಾಯಿಗೆ ಹೊಡೆದೆ. ಹಲ್ಲು ಮುರಿದವು. ಆಗ ದುರಗಪ್ಪ ಮುಂದೆ ಬಂದ. ಗೊತ್ತಲ್ಲ, ಇದೇ ಹೊಲಸು ಫೋನುಗಳಿಗಾಗಿ ಮಗಳನ್ನು ಕಾಲೇಜು ಬಿಡಿಸಿದ್ದವನು. ಮಗಳದೇ ತಪ್ಪು ಎಂದುಕೊಂಡು ಅವಳನ್ನು ಬಾರುಕೋಲಿನಿಂದ ಬಡಿದಿದ್ದ. ಶಟರ್ ಎಳೆಯುವ ಕೊಕ್ಕೆ ತೆಗೆದುಕೊಂಡು ಸಂಭಾಜಿಯನ್ನು ಬೀದಿಗೆ ಎಳೆದ. ಎಲ್ಲರೂ ಹೊಡೆದರು. ಗಾಜಿನ ಕಪಾಟು ಅವನ ಮೇಲೆ ಕೆಡವಿದರು. ನನಗೆ ನಿಲ್ಲಿಸಿರಿ ಎನ್ನಲು ಬಾಯಿ ಬರಲಿಲ್ಲ. ಖುಷಿಯಾಗುತ್ತಿತ್ತು. ಇದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ? ಅಥಣಿಯಿಂದ ಪೊಲೀಸರು ಬರದಿದ್ದರೆ ಅವನು ಸಾಯುತ್ತಿದ್ದ.

ಮರುದಿನ ಅನಂತಪುರಕ್ಕೆ ಹೋದೆ. ಮಾಳಸಿದ್ದ ಹೊರಸಿನ ಮೇಲೆ ಕೂತಿದ್ದ. ನಡೆದದ್ದನ್ನೆಲ್ಲ ಹೇಳಿದೆ. ಕಸ್ತೂರೆವ್ವ ಕಸಬರಿಗೆ ತೆಗೆದುಕೊಂಡು ನನ್ನ ಮುಖಕ್ಕೆ ಬಾರಿಸಿದಳು, ಮತ್ತೆ ಬಾರಿಸಿದಳು. ನಾನು ಅಲ್ಲಾಡಲಿಲ್ಲ. ಮಾಳಸಿದ್ದ "ಬಿಡಬೇ ಯವ್ವಾ" ಎಂದ. ನನ್ನ ಕಡೆ ನೋಡಲಿಲ್ಲ. "ಈಗ ಗೊತ್ತಾತೇನು?" ಎಂದ, ಅಷ್ಟೇ.

ದಾದಾ, ಗಾಯ ಮಾಯ್ದ ಮೇಲೆ ಸಂಭಾಜಿಯನ್ನು ಚಿಕ್ಕೋಡಿಗೇ ಕಳಿಸುತ್ತಾರಂತೆ, ನೀನಿರುವಲ್ಲಿಗೇ. ಅವನನ್ನು ಮುಟ್ಟಬೇಡ. ಯಾರ್‍ಯಾರ ನಂಬರು ಯಾರ್‍ಯಾರಿಗೆ ಮಾರಿದ್ದಾನೆಂದು ಅವನೊಬ್ಬನಿಗೇ ಗೊತ್ತು. ಅವನು ಸತ್ತರೆ ಆ ಗಂಡಸರೆಲ್ಲ ಹಾಗೇ ಉಳಿಯುತ್ತಾರೆ. ಅವ್ವನ ಮೇಲಾಣೆ.

ಸಾರಿಕಾ


ಚಿಕ್ಕೋಡಿ ಜೈಲು
೨೮ ಮಾರ್ಚ್ ೨೦೧೮

ಸಾರಿಕಾ,

ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಪಟ್ಟಿ ಹಾಕಿದ್ದಾರೆ.

ನಿನ್ನ ಕಾಗದ ತಡವಾಗಿ ಬಂತು. ಗುಮಾಸ್ತರು ರಜೆಯ ಮೇಲಿದ್ದರಂತೆ, ಎಲ್ಲರ ಟಪಾಲೂ ಅವರ ಮೇಜಿನ ಮೇಲೆಯೇ ಬಿದ್ದಿತ್ತು. ಕಾಗದಕ್ಕಿಂತ ಮೊದಲು ಸಂಭಾಜಿ ಬಂದ. ತಲೆಗೆ ಬಟ್ಟೆ, ಬಾಯಿ ಬಾತಿತ್ತು. ನನ್ನನ್ನು ತಬ್ಬಿಕೊಂಡು "ಮಾಳಸಿದ್ದನ ಮಂದಿ ಹೊಡದ್ರೋ, ಕೇಸೂ ನನ್ನ ಮ್ಯಾಲೇ ಹಾಕಿಸ್ಯಾರ. ನಿನ್ನ ಸಲುವಾಗಿ ತಿಂದ್ನಿ" ಎಂದ. ನಂಬಿದೆ. ಅವನಿಗೆ ಅಗಿಯಲು ಬರುತ್ತಿರಲಿಲ್ಲ, ಚಪಾತಿಯನ್ನು ಚಹಾದಲ್ಲಿ ನೆನೆಸಿ ನನ್ನ ಕೈಯಿಂದ ಉಣಿಸಿದೆ. ಗಾಯ ತೊಳೆದೆ. ಸಂಭಾಜಿಯ ಬಗ್ಗೆ ಒಬ್ಬ ಏನೋ ಅಂದನೆಂದು ಆ ಅಂದವನ ಮೂಗು ಒಡೆದೆ. ನನ್ನ ಕಂಬಳಿಯನ್ನು ಮಡಿಚಿ ಸಂಭಾಜಿಯ ತಲೆಯ ಕೆಳಗೆ ಇಟ್ಟಿದ್ದೆ.

ಒಂದು ದಿನ ಊಟ ಮುಗಿದ ಮೇಲೆ ಬಾಕಿ ಟಪಾಲನ್ನೆಲ್ಲ ಓದದೆಯೇ ಹಂಚಿದರು, ನಿನ್ನ ಕಾಗದ ಕೊಟ್ಟರು. ಅವನ ಪಕ್ಕದಲ್ಲೇ ಕೂತು ಓದಿದೆ. ಮೊದಲು ಅರ್ಥವಾಗಲಿಲ್ಲ, ತಿರುಗಿ ಓದಿದೆ. ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ: "ಮನ್ಯಾಗ ಎಲ್ಲಾರೂ ಆರಾಮ ಅದಾರೇನೋ?"

"ಆರಾಮ" ಎಂದೆ.

ಮುಟ್ಟಬೇಡ ಎಂಬ ನಿನ್ನ ಮಾತನ್ನೂ ಓದಿದ್ದೆ. ಓದಿಯೂ ಮಾಡಿದೆ. ಎದೆಯ ಮೇಲೆ ಕೂತು ಕುತ್ತಿಗೆ ಹಿಡಿದೆ. ಅವನ ಕಣ್ಣುಗುಡ್ಡೆ ಹೊರಗೆ ಬಂದವು, ಕಾಲು ನೆಲಕ್ಕೆ ಬಡಿಯುತ್ತಿದ್ದವು. ಪಹರೆಯವರು ಲಾಠಿಯಿಂದ ನನ್ನ ಕೈ ಮುರಿದ ಮೇಲೆಯೇ ಹಿಡಿತ ಸಡಿಲಾದದ್ದು. ಅವನು ಬದುಕಿದ್ದಾನೆ, ಬೇರೆ ಕಡೆ ಒಯ್ದಿದ್ದಾರೆ. ನನ್ನ ಜಾಮೀನು ಹೋಯಿತು.

ಒಂದು ಹೇಳುತ್ತೇನೆ. ಅವನ ಕುತ್ತಿಗೆ ಹಿಡಿದಾಗ ನನಗೆ ಕಾಣುತ್ತಿದ್ದುದು ಅವನ ಮುಖವಲ್ಲ. ಅನಂತಪುರದ ಹಾದಿ, ಬಿದ್ದ ಬೈಕು, ಸುತ್ತ ಚೆಲ್ಲಿದ ಪಾರ್ಸಲುಗಳು. ಒಂದರ ಮೇಲೆ ಯಾರದೋ ಹುಡುಗಿಯ ಹೆಸರಿತ್ತು. ಅದನ್ನು ತುಳಿದುಕೊಂಡೇ ಹೊಡೆದೆ.

ಅವ್ವನ ಚಪ್ಪೆ ಕೂಡಿತೇ?

ಸಂಗ್ರಾಮ


ಐಗಳಿ
೧೫ ಮೇ ೨೦೧೮

ದಾದಾ,

ಅವ್ವ ಮನೆಗೆ ಬಂದಿದ್ದಾಳೆ. ಮಂಚ ಬಿಟ್ಟು ಏಳುವುದಿಲ್ಲ. ನೀನು ಯಾವಾಗ ಬರುತ್ತಿ ಎಂದು ಕೇಳುತ್ತಾಳೆ.

ಸಂಭಾಜಿಯ ಫೋನಿನಲ್ಲಿ ಐಗಳಿ, ಸತ್ತಿ, ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳ ಫೋಟೋ, ನಂಬರು ಸಿಕ್ಕಿವೆಯಂತೆ. ಆದರೆ ದೂರು ಕೊಡಲು ಯಾರೂ ಬರುವುದಿಲ್ಲ. ನಾನು, ದುರಗಪ್ಪನ ಮಗಳು, ಇಬ್ಬರೇ. ಆ ಹುಡುಗಿ ಪೊಲೀಸರ ಮುಂದೆ ಅಪ್ಪನ ಬಾರುಕೋಲಿನ ಗುರುತನ್ನೂ ತೋರಿಸಿದಳು. ದುರಗಪ್ಪ ನೆಲ ನೋಡುತ್ತ ಕೂತಿದ್ದ. ನನ್ನ ಮೇಲೂ ಬೆರಳಿನ ಕೇಸಿದೆ, ನಡೆಯಲಿ. ಫೋನುಗಳು ಈಗಲೂ ಬರುತ್ತವೆ. ನಂಬರು ಒಮ್ಮೆ ಕೈ ಬಿಟ್ಟು ಹೋದರೆ ಹೋಯಿತು, ಯಾರ್‍ಯಾರ ಜೇಬಿನಲ್ಲಿ ಕೂತಿದೆಯೋ, ಅದನ್ನು ಯಾವ ಸಾಹೇಬರೂ ತಿರುಗಿ ತಂದುಕೊಡಲಾರರು. ಈಗ ನಾನು ಫೋನು ಎತ್ತಿ ಕೇಳುತ್ತೇನೆ: "ನಿಮ್ಮ ಹೆಸರೇನ್ರಿ, ಯಾವೂರು? ಬರ್ಕೋತೇನಿ, ಹೇಳ್ರಿ." ಆಗ ಅವರೇ ಇಡುತ್ತಾರೆ.

ನಿನ್ನ ವಕೀಲರು ಬಂದಿದ್ದರು. ಮಾಳಸಿದ್ದನಿಗೆ ಏಟು ಬಿದ್ದ ಹೊತ್ತಿನಲ್ಲಿ ನೀನು ಮನೆಯಲ್ಲಿ ಉಣ್ಣುತ್ತಿದ್ದೆ ಎಂದು ನಾನು ಕೋರ್ಟಿನಲ್ಲಿ ಹೇಳಬೇಕಂತೆ. ಕಬ್ಬು ಕಡಿಯುವವರು ಮಹಾರಾಷ್ಟ್ರದ ಬೀಡ ಜಿಲ್ಲೆಗೆ ತಿರುಗಿ ಹೋಗಿದ್ದಾರೆ, ಮಾಳಸಿದ್ದನನ್ನು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ, ಬಿಡುಗಡೆ ಖಾತ್ರಿ ಎಂದರು. ಅವ್ವ ಮಂಚದ ಮೇಲಿಂದಲೇ ಕೈ ಮುಗಿದು "ಹೇಳವಾ, ನನ್ನ ಮಗಾ ಬರ್ತಾನ" ಎಂದಳು.

ನಾನು ಹೇಳುವುದಿಲ್ಲ ಎಂದೆ. ನಿನ್ನ ಮೇಲೆ ಪ್ರೀತಿ ಇಲ್ಲವೆಂದು ತಿಳಿಯಬೇಡ. ತಿಳಿದರೂ ಸರಿಯೇ.

ಸಾರಿಕಾ


ಚಿಕ್ಕೋಡಿ ಜೈಲು
೧೧ ಆಗಸ್ಟ್ ೨೦೧೮

ಸಾರಿಕಾ,

ನಿನ್ನ ಮೇ ತಿಂಗಳ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಹರಿದು ಹಾಕಿದ್ದೆ. ಕೈಯ ಪಟ್ಟಿ ಬಿಚ್ಚಿ ಎಷ್ಟೋ ದಿನವಾಯಿತು, ಬರೆಯಬಹುದಿತ್ತು. ಬಯ್ಯಲು ಕೂತರೆ ಬೈಗುಳ ಬರುತ್ತಿರಲಿಲ್ಲ.

ನಿನ್ನೆ ಅಥಣಿ ಕೋರ್ಟಿಗೆ ಒಯ್ದಿದ್ದರು. ಅವ್ವನನ್ನು ಬಿಟ್ಟು ನಿನಗೆ ಬರಲಾಗುವುದಿಲ್ಲವೆಂದು ಗೊತ್ತಿತ್ತು, ಆದರೂ ಬಾಗಿಲ ಕಡೆ ನೋಡುತ್ತಿದ್ದೆ. ಮಾಳಸಿದ್ದನ ಸಾಕ್ಷಿ ಇತ್ತು. ವಕೀಲರು ನನ್ನ ಕಿವಿಯಲ್ಲಿ "ನೀವ್ ಬಾಯಿ ಬಿಡಬ್ಯಾಡ್ರಿ, ಅಂವನ್ನ ನಾ ನೋಡ್ಕೋತೇನಿ. ಹೊಡದಾಂವನ ಮುಖಾ ಸರಿ ಕಂಡಿಲ್ಲ ಅಂತ ಅನ್ನಸ್ತೇನಿ" ಎಂದರು.

ಅವನು ಬಗಲಲ್ಲಿ ಕೋಲು ಇಟ್ಟುಕೊಂಡು ಬಂದ. ಪ್ಯಾಂಟಿನ ಒಂದು ಕಾಲನ್ನು ಮಡಿಚಿ ಪಿನ್ನು ಹಾಕಿದ್ದರು. ಮೊದಲಿಗಿಂತ ಅರ್ಧ ಆಗಿದ್ದಾನೆ. ಕಸ್ತೂರೆವ್ವ ಗೋಡೆಯ ಹತ್ತಿರ ನಿಂತಿದ್ದಳು. ವಕೀಲರು ಎದ್ದು ಕೆಮ್ಮಿ ಶುರು ಮಾಡಬೇಕು, ಅಷ್ಟರಲ್ಲಿ ನಾನೇ ಕೂಗಿದೆ.

"ಸಾಹೇಬ್ರ, ಇವನ್ನ ಏನೂ ಕೇಳಬ್ಯಾಡ್ರಿ. ನಾನ ಹೊಡದೇನ್ರಿ. ರಾಡ್‌ಲೆ ಹೊಡದೇನಿ. ಇವಂದ ಏನೂ ತಪ್ಪಿರಲಿಲ್ಲರಿ."

ವಕೀಲರು ನನ್ನ ತೋಳು ಜಗ್ಗಿದರು. ನ್ಯಾಯಾಧೀಶರು ಕನ್ನಡಕ ತೆಗೆದು, ಯಾರಾದರೂ ಹೆದರಿಸಿ ಹೀಗೆ ಹೇಳಿಸುತ್ತಿದ್ದಾರೇನು ಎಂದು ಕೇಳಿದರು. ಇಲ್ಲರಿ ಎಂದೆ. ಇದಕ್ಕೆ ಎಷ್ಟು ವರ್ಷ ಆಗುತ್ತದೆಂದು ಗೊತ್ತೇನು ಎಂದರು. ಗೊತ್ತಿಲ್ಲ, ಆಗಲಿ ಎಂದೆ. ಬರೆದುಕೊಂಡರು. ಆಮೇಲೆ ಮಾಳಸಿದ್ದನ ಕಡೆ ತಿರುಗಿ, ನೀನು ಏನಾದರೂ ಹೇಳಬೇಕೇ ಎಂದರು.

"ಹೇಳೂದ ಏನೈತ್ರಿ" ಎಂದ. "ನಿಂದರಾಕ ಆಗವಲ್ದರಿ. ಕುಂದರ್ಲೇನ್ರಿ?"

ಪೇದೆ ಕುರ್ಚಿ ತರಲು ಹೋದ. ಅಷ್ಟರಲ್ಲಿ ನುಣುಪು ಫರ್ಸಿ ಕಲ್ಲಿನ ನೆಲದ ಮೇಲೆ ಅವನ ಕೋಲು ಜಾರಿತು, ಅವನು ವಾಲಿದ. ಅವನು ನನ್ನಿಂದ ಒಂದು ಮಾರು ದೂರ ಇದ್ದ, ಅಷ್ಟೇ. ಹಿಡಿಯೋಣ ಎಂದು ಕಟಕಟೆಯಿಂದ ಕೈ ಚಾಚಿದೆ. ದೇವರಾಣೆ ಸಾರಿಕಾ, ಹಿಡಿಯೋಣ ಎಂದೇ.

ಅವನು ಕೋಲು ಬಿಟ್ಟು ನೆಲಕ್ಕೆ ಕುಸಿದು, ಎರಡೂ ಕೈಯಿಂದ ತಲೆ ಮುಚ್ಚಿಕೊಂಡ.

ಸಂಗ್ರಾಮ